ಹಲ್ಲಿಯ ಬಾಲವೂ ಗೋಪ್ಯ ಪರಿಶೀಲನೆಯೂ

ವಿಶ್ವವಿದ್ಯಾಲಯದ ಸಂಶೋಧನ ಪತ್ರಿಕೆಯ ನಿಯಮಾವಳಿ, ಕಲಂ ಹದಿನಾಲ್ಕರ ಪ್ರಕಾರ, ಬಂದ ಪ್ರತಿಯೊಂದು ಪ್ರಬಂಧವನ್ನೂ ಆ ವಿಷಯ ಬಲ್ಲವರೊಬ್ಬರು ಪರಿಶೀಲಿಸತಕ್ಕದ್ದು. ಬರೆದವರು ಯಾರೆಂದು ಪರಿಶೀಲಕರಿಗಾಗಲಿ, ಪರಿಶೀಲಿಸಿದವರು ಯಾರೆಂದು ಬರೆದವರಿಗಾಗಲಿ ತಿಳಿಯತಕ್ಕದ್ದಲ್ಲ. ಇಷ್ಟು ಚೊಕ್ಕವಾದ ನಿಯಮ ದೀಪ ಹಿಡಿದು ಹುಡುಕಿದರೂ ಸಿಗದು.

ಪ್ರಾಣಿಶಾಸ್ತ್ರ ವಿಭಾಗದ ತಾತ್ಕಾಲಿಕ ಉಪನ್ಯಾಸಕಿಯನ್ನು ಎಲ್ಲರೂ ಹಲ್ಲಿ ಮೇಡಂ ಎನ್ನುತ್ತಿದ್ದರು. ಉದುರಿಬಿದ್ದ ಮೇಲೂ ಹಲ್ಲಿಯ ಬಾಲ ಎಷ್ಟು ಹೊತ್ತು ಕುಣಿಯುತ್ತದೆ ಎಂದು ಆಕೆ ಆರು ವರ್ಷ ಗಡಿಯಾರ ಹಿಡಿದು ಕೂತಿದ್ದಳು. ಒಟ್ಟು ನಲವತ್ತೊಂದು ಬಾಲ. ವರ್ಷ ಮುಗಿಯುವುದರೊಳಗೆ ಪ್ರಬಂಧ ಅಚ್ಚಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ. ದೇವರ ಮೇಲೆ ಭಾರ ಹಾಕಿ ಕಳಿಸಿದಳು.

ಹದಿನೈದನೆಯ ದಿನ ಅವಳ ಮೇಜಿಗೆ ಒಂದು ಲಕೋಟೆ ಬಂತು. "ತಾವು ಈ ವಿಷಯದ ಏಕೈಕ ತಜ್ಞರೆಂದು ತಿಳಿದುಬಂದಿರುವುದರಿಂದ, ಲಗತ್ತಿಸಿದ ಪ್ರಬಂಧವನ್ನು ಪರಿಶೀಲಿಸಿ ವರದಿ ಸಲ್ಲಿಸತಕ್ಕದ್ದು." ಒಳಗಿದ್ದದ್ದು ಅವಳದೇ ಪ್ರಬಂಧ. ಹೆಸರಿದ್ದ ಕಡೆ ಮಾತ್ರ ನೀಟಾಗಿ ಮಸಿ ಬಳಿದಿದ್ದರು.

ಸಂಪಾದಕರ ಕೋಣೆಗೆ ಓಡಿದಳು. "ಸಾರ್, ಇದು ನನ್ನ..."

ಸಂಪಾದಕರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. "ಯಾರದು ಅಂತ ಮಾತ್ರ ಹೇಳಬೇಡಿಮ್ಮ. ಗೋಪ್ಯತೆ."

"ಅಲ್ಲ ಸಾರ್, ಬರೆದಿರೋದೇ..."

"ಊಹೆ ಮಾಡೋದೂ ತಪ್ಪು. ಮತ್ತೆ, ಕನಿಷ್ಠ ಮೂರು ಆಕ್ಷೇಪ ಇರಲಿ. ಆಕ್ಷೇಪ ಇಲ್ಲ ಅಂದ್ರೆ ಓದಿಲ್ಲ ಅಂತ ಅರ್ಥ."

ಮನೆಯಲ್ಲಿ ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದರು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾನೇ ಹೆತ್ತದ್ದರಲ್ಲಿ ನಾನೇ ಮೂರು ತಪ್ಪು ಹೇಗೆ ಹುಡುಕಲಿ ಅತ್ತೆ?" ಎಂದಳು.

"ಅದೇನು ಮಹಾ? ನಿನ್ನ ಗಂಡನ್ನ ಹೆತ್ತವಳು ನಾನೇ. ಮೂವತ್ತೈದು ವರ್ಷದಿಂದ ದಿನಕ್ಕೆ ಮೂರಕ್ಕೆ ಕಮ್ಮಿ ಮಾಡಿಲ್ಲ."

ಅವಳು ಬರೆದಳು. ಒಂದು, ನಲವತ್ತೊಂದು ಬಾಲ ಏನೇನೂ ಸಾಲದು. ಎರಡು, ಶೀರ್ಷಿಕೆ ಬಾಲಕ್ಕಿಂತ ಉದ್ದವಿದೆ. ಮೂರು, ಈ ಕ್ಷೇತ್ರದಲ್ಲಿ ಮೊದಲೇ ದುಡಿದವರ ಬಗ್ಗೆ ಲೇಖಕರಿಗೆ ಗೌರವವಿಲ್ಲ. ಮೊದಲೇ ದುಡಿದವಳು ಅವಳೊಬ್ಬಳೇ, ಅದು ಬೇರೆ ವಿಷಯ.

ವಾರದ ಮೇಲೆ ಆಕ್ಷೇಪಗಳು ಟೈಪಾಗಿ, ಮೊಹರು ಬಿದ್ದು, ಲೇಖಕಿಯ ಮೇಜಿಗೆ ಬಂದವು. ತಾನೇ ಬರೆದದ್ದಾದರೂ ಮೊಹರಿನ ಕೆಳಗೆ ಓದಿದಾಗ ಮೈಯೆಲ್ಲ ಉರಿಯಿತು. ಉತ್ತರ ಗೀಚಿದಳು: "ಪರಿಶೀಲಕರು ಜನ್ಮದಲ್ಲಿ ಒಂದು ಬಾಲವನ್ನಾದರೂ ಕಂಡಿದ್ದಾರೆಯೆ?"

ಅದು ಪರಿಶೀಲಕಿಯ ಮೇಜಿಗೆ ಬಂತು. ನಲವತ್ತೊಂದು ಬಾಲ ಕಣ್ಣಾರೆ ಕಂಡವಳು ಈ ಮಾತು ಸಹಿಸುತ್ತಾಳೆಯೆ? "ಲೇಖಕರಿಗೆ ವಿನಯವಿಲ್ಲ. ತಿರಸ್ಕರಿಸಿದೆ" ಎಂದು ಬರೆದು ಕಳಿಸಿಯೇಬಿಟ್ಟಳು. ಪೆನ್ನಿಗೆ ಮುಚ್ಚಳ ಹಾಕುವಾಗ ಹೊಳೆಯಿತು, ಹೋದದ್ದು ಯಾರ ಕೆಲಸ ಎಂದು. ಮತ್ತೆ ಓಡಿದಳು.

"ಪರಿಶೀಲಕರ ಮೇಲೆ ಒತ್ತಡ ತರೋದು ಲೇಖಕರಿಗೆ ಶೋಭೆಯಲ್ಲ," ಎಂದರು ಸಂಪಾದಕರು.

"ನಾನು ಪರಿಶೀಲಕಿಯಾಗಿ ಬಂದಿದ್ದೀನಿ ಸಾರ್."

"ಹಾಗಾದ್ರೆ ಲೇಖಕರ ಪರ ವಹಿಸೋದು ಇನ್ನೂ ತಪ್ಪು."

ವರ್ಷದ ಕೊನೆಯ ದಿನ ಹಲ್ಲಿ ಮೇಡಂ ಸೇವೆ ಮುಕ್ತಾಯವಾಯಿತು. ತೆರವಾದ ಜಾಗಕ್ಕೆ, ಇಷ್ಟು ನಿಷ್ಠುರ ತಜ್ಞರು ಸಿಗುವುದು ದುರ್ಲಭವೆಂದು, ಪರಿಶೀಲಕರನ್ನೇ ಖಾಯಂ ಆಗಿ ನೇಮಿಸಲಾಯಿತು. ಪರಿಶೀಲಕರು ಸ್ವತಃ ಏನಾದರೂ ಪ್ರಕಟಿಸಿರಬೇಕೆಂದು ಯಾವ ಕಲಮೂ ಹೇಳುವುದಿಲ್ಲ. ಆಕೆ ಪ್ರಯೋಗಾಲಯದ ಬೀಗದ ಕೈಯನ್ನು ಎಡಗೈಯಿಂದ ಬಲಗೈಗೆ ಒಪ್ಪಿಸಿ, ಕೊಟ್ಟವರು, ಪಡೆದವರು ಎಂದಿದ್ದ ಎರಡೂ ಕಡೆ ಸಹಿ ಹಾಕಿದಳು. ವಿಭಾಗದ ಮುಖ್ಯಸ್ಥರು ಹೋಗುವವರಿಗೊಂದು, ಬರುವವರಿಗೊಂದು ಹೂಗುಚ್ಛ ಕೊಟ್ಟರು.

ಮುಂದಿನ ತಿಂಗಳು ಎಳೆಯ ಸಂಶೋಧಕರಿಗೆ ಪ್ರಬಂಧ ಪ್ರಕಟಿಸುವ ಉಪಾಯಗಳ ಕುರಿತು ಆಕೆಯದೇ ಉಪನ್ಯಾಸ.

"ಪರಿಶೀಲಕರ ಜೊತೆ ವಾದಕ್ಕೆ ಇಳೀಬೇಡಿ," ಎಂದಳು. "ನಿಮ್ಮ ಹಾಗೇ ಒಬ್ಬಳಿದ್ದಳು. ಬುದ್ಧಿವಂತೆ, ಪಾಪ. ನಾಲಿಗೆ ಉದ್ದ. ನನ್ನ ಕೈಲಿ ಏನೂ ಮಾಡೋಕಾಗ್ಲಿಲ್ಲ."

ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಮೊದಲ ಸಾಲಿನಲ್ಲಿದ್ದ ಸಂಪಾದಕರು ಮಾತ್ರ, ಎಲ್ಲಿ ಹೆಸರು ಬಾಯಿಬಿಡುತ್ತಾಳೋ ಎಂದು, ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದರು.