ಗಡಿಯಾರಕ್ಕೆ ಅಂಟಿದ ಚೀಟಿ

ಇನ್ನು ಮುಂದೆ ನಮ್ಮ ಬೀದಿಯ ಯಾವ ಮಗುವೂ 'ಮೆನಿ ಮಿಲ್ಕ್' ಅನ್ನಕೂಡದು! ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಹೀಗೊಂದು ಭೀಷಣ ಪ್ರತಿಜ್ಞೆ ಮಾಡಿದೆ. ನಾನು ಮನೆಯಲ್ಲೇ ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರು. ಸಂಜೆ ನಾಲ್ಕಕ್ಕೆ ಏಳು ಮಕ್ಕಳು ಬರುತ್ತಾರೆ. ಹಾಲು, ನೀರು, ಸಕ್ಕರೆಗಳನ್ನು ಒಂದು ಎರಡು ಅಂತ ಎಣಿಸೋಕಾಗಲ್ಲ, ಅವಕ್ಕೆ 'ಮೆನಿ' ಅಲ್ಲ, 'ಮಚ್' ಅನ್ನಬೇಕು ಎಂದು ಮೂರು ವಾರ ಗಂಟಲು ಹರಿದುಕೊಂಡಿದ್ದೆ. ಕೊನೆಗೆ ಏಳೂ ಮಕ್ಕಳು ಒಕ್ಕೊರಲಿನಿಂದ "ಮೆನಿ ವಾಟರ್ ಕುಡಿದ್ವಿ ಸರ್" ಅಂದವು.

ಅದಕ್ಕೇ ಅಡುಗೆಮನೆಯನ್ನೇ ಪಾಠಶಾಲೆ ಮಾಡಿದೆ. ಹಳದಿ ಕಾಗದ ಕತ್ತರಿಸಿ, ಮುತ್ತು ಪೋಣಿಸಿದಂಥ ನನ್ನ ಅಕ್ಷರದಲ್ಲಿ ನೂರು ಚೀಟಿ ಬರೆದೆ. ಡಬ್ಬಿ ತುಂಬಿದ್ದರೆ 'ಮಚ್', ಒಂದಿಷ್ಟಿದ್ದರೆ 'ಸಮ್', ತಳ ಕಂಡಿದ್ದರೆ 'ಲಿಟಲ್', ಖಾಲಿಯಾಗಿದ್ದರೆ 'ನೋ'. ಮುಂದಿನ ಪದವನ್ನು ಮಕ್ಕಳೇ ಡಬ್ಬಿಯೊಳಗೆ ನೋಡಿ ಸೇರಿಸಬೇಕು. ಇಪ್ಪತ್ತು ಡಬ್ಬಿಗೆ ಇಪ್ಪತ್ತು ಚೀಟಿ ಅಂಟಿಸಿ, ಮಿಕ್ಕಿದ್ದನ್ನು ಮೇಜಿನ ಡ್ರಾಯರಿಗೆ ತುರುಕಿ ಮರೆತುಬಿಟ್ಟೆ.

ನನ್ನ ಹೆಂಡತಿ ಆಸ್ಪತ್ರೆಯೊಂದರ ಔಷಧಿ ಉಗ್ರಾಣ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಮನೆಗೆ ಬರುವುದು ಸಂಜೆ ಆರಕ್ಕೆ. ನಾನು ಏಳುವುದೇ ಒಂಬತ್ತಕ್ಕೆ. ಡಬ್ಬಿಗಳ ಸಾಲು ನೋಡಿ ಅವಳು ಕೇಳಿದ್ದು ಒಂದೇ ಮಾತು.

"ಅಂಟಿಸಿದ್ರಲ್ಲ, ಬದಲಾಯಿಸೋರು ಯಾರು?"

"ಬದಲಾಯಿಸೋದಾ? ಇದು ವ್ಯಾಕರಣ ಕಣೇ, ಶಾಶ್ವತ!"

ಮಂಗಳವಾರ ನಿದ್ದೆಗಣ್ಣಲ್ಲೇ ಎರಡು ಕಾಫಿ ಮುಗಿಸಿ, ಹನ್ನೊಂದು ಗಂಟೆಗೆ ಮೂರನೆಯದಕ್ಕೆಂದು ಒಳಗೆ ಹೋದೆ. ಸಕ್ಕರೆ ಡಬ್ಬಿಯ ಮೇಲೆ 'ಮಚ್' ಇರಲಿಲ್ಲ. 'ಸಮ್' ಇತ್ತು. ಕಣ್ಣುಜ್ಜಿಕೊಂಡೆ. 'ಸಮ್' ಹಾಗೇ ಇತ್ತು. ಮನೆಯಲ್ಲಿ ನಾನೊಬ್ಬನೇ. ಎದ್ದ ಕೂಡಲೇ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದವನೂ ನಾನೇ.

ಬುಧವಾರ ಅದೇ ಡಬ್ಬಿ 'ಲಿಟಲ್' ಆಗಿತ್ತು. ಕಾಫಿಪುಡಿಯ ಮೇಲೆ 'ನೋ'. ಮುಚ್ಚಳ ತೆಗೆದೆ. ನಿಜವಾಗಿಯೂ ನೋ! ಯಾವುದೋ ಕಾಣದ ಕೈ ನನ್ನ ಮನೆಯನ್ನು ಅಳೆಯುತ್ತಿತ್ತು. ಸಂಜೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗದರಿಸಿದೆ. ಎರಡು ಜಡೆಯ ಹುಡುಗಿ ಚೀಟಿಯ ಹತ್ತಿರ ಮೂಗು ಒಯ್ದು, ಮೆಲ್ಲಗೆ ಹಿಂದೆ ಸರಿದಳು.

"ಸರ್... ಇದು ನಿಮ್ಮದೇ ಅಕ್ಷರ ಸರ್."

ಹೌದು, ನನ್ನದೇ! ಹೆಂಡತಿ ಬಂದದ್ದೇ ತಡ, ಪಿಸುಗುಟ್ಟಿದೆ.

"ಲೇ, ಈ ಮನೇಲಿ ಏನೋ ಇದೆ ಕಣೇ!"

"ಏನೂ ಇಲ್ಲ ರೀ. ಅದನ್ನೇ ತಾನೆ ನಾನು ಬಡ್ಕೊಳ್ತಾ ಇರೋದು" ಎಂದು ಅವಳು ಮುಖ ತೊಳೆಯಲು ಹೋದಳು.

ಗುರುವಾರ ಎದ್ದವನೇ ಸೌಟು ಹಿಡಿದು ಅಡುಗೆಮನೆಯಲ್ಲಿ ಕಾವಲು ಕೂತೆ. ನಲ್ಲಿ ತೊಟ್ಟಿಕ್ಕಿತು. ಫ್ರಿಜ್ಜು ಒಮ್ಮೆ ನರಳಿ ಸುಮ್ಮನಾಯಿತು. ಇಪ್ಪತ್ತು ಹಳದಿ ಚೀಟಿಗಳು ನನ್ನನ್ನೇ ನೋಡುತ್ತಿದ್ದವು. ಮಧ್ಯಾಹ್ನ ಮೂರಾದರೂ ಒಂದೂ ಅಲುಗಲಿಲ್ಲ. ಗೆದ್ದೆ ಎಂದು ಮೀಸೆ ತಿರುವುತ್ತ ನಡುಮನೆಗೆ ಬಂದು ಗೋಡೆಯ ಕಡೆ ನೋಡಿದೆ.

ಗಡಿಯಾರಕ್ಕೆ ಚೀಟಿ ಅಂಟಿತ್ತು. 'ಲಿಟಲ್'.

ಗಡಿಯಾರದೊಳಗೆ ಇರುವುದೇನು? ಸಮಯ! ಅದನ್ನೂ ಎಣಿಸೋಕಾಗಲ್ಲ ಎಂದು ಪಾಠ ಮಾಡಿದವನು ನಾನೇ. ಲಿಟಲ್ ಟೈಮ್! ಯಾರ ಸಮಯ? ಚೀಟಿಯನ್ನು ಕಂಡವನು ನಾನು, ಅಂದ ಮೇಲೆ ನನ್ನದೇ! ಆ ರಾತ್ರಿ ನನಗೆ ಕಣ್ಣು ಹತ್ತಲಿಲ್ಲ. ನಗಬೇಡಿ, ನಿಜಕ್ಕೂ ಸಾಯುವ ಭಯವಾಗಿತ್ತು.

ಶುಕ್ರವಾರ ಅದು 'ನೋ' ಆಗಿತ್ತು. ಮುಳ್ಳುಗಳು ಆರೂ ಇಪ್ಪತ್ತಕ್ಕೆ ನಿಂತಿದ್ದವು. ಸೆಕೆಂಡಿನ ಕೆಂಪು ಮುಳ್ಳೊಂದು ಮಾತ್ರ ಮುಂದೆ ಹೋಗಲಾರದೆ ನಿಂತಲ್ಲೇ ಅದುರುತ್ತಿತ್ತು. ನನ್ನ ನಾಡಿ ಹಿಡಿದು ನೋಡಿದೆ. ಅದೂ ಹಾಗೇ ಅದುರುತ್ತಿತ್ತು! ಸಂಜೆ ಮಕ್ಕಳನ್ನು ಕರೆದು ಗದ್ಗದಿತನಾಗಿ, "ಹಾಲಿಗೆ ಮಚ್. ನನ್ನ ನೆನಪಿಗಾದರೂ ಹಾಗೇ ಅನ್ನಿ" ಎಂದೆ.

"ಹಾಗಾದ್ರೆ ನಾಳೆ ರಜಾನಾ ಸರ್?" ಅಂದಳು ಎರಡು ಜಡೆ.

ಆರಕ್ಕೆ ಹೆಂಡತಿ ಬಂದಾಗ ನಾನು ಎದೆಯ ಮೇಲೆ ಕೈಕಟ್ಟಿ ಅಂಗಾತ ಮಲಗಿದ್ದೆ.

"ಹತ್ತಿರ ಬಾರೇ. ನನ್ನ ಸಮಯ ಮುಗೀತು. ಗಡಿಯಾರ ಹೇಳಿಬಿಟ್ಟಿದೆ."

"ಗಡಿಯಾರ ಅಲ್ಲ ರೀ, ನಾನು ಹೇಳಿದ್ದು. ಮುಗಿದಿರೋದು ಅದರ ಸೆಲ್ಲು."

ಎದ್ದು ಕೂತೆ. "ನೀನಾ? ಆ ಚೀಟಿ ಎಲ್ಲ ನೀನಾ?"

"ಡ್ರಾಯರ್ ತುಂಬ ಬರೆದಿಟ್ಟಿದ್ರಲ್ಲ. ನಮ್ಮ ಉಗ್ರಾಣದಲ್ಲಿ ಬಾಟಲಿ ಖಾಲಿಯಾದ ಮೇಲೂ ಚೀಟಿ 'ಇದೆ' ಅಂತಿದ್ರೆ ಯಾರದ್ದೋ ಜೀವ ಹೋಗುತ್ತೆ. ಸುಳ್ಳು ಚೀಟಿ ಕಂಡ್ರೆ ನನ್ನ ಕೈ ಸುಮ್ನಿರಲ್ಲ. ದಿನಾ ಹೊರಡೋ ಮುಂಚೆ ಸರಿ ಮಾಡಿ ಹೋಗ್ತಿದ್ದೆ."

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳ್ದೆನಲ್ಲ! ಸಕ್ಕರೆ ತನ್ನಿ ಅಂದೆ, ಗಡಿಯಾರ ಹಿಂದೆ ಬೀಳ್ತಿದೆ, ಸೆಲ್ ತನ್ನಿ ಅಂದೆ. ಎಲ್ಲಕ್ಕೂ ಹೂಂ ಅಂದ್ರಿ. ಕನ್ನಡದಲ್ಲಿ ಹೇಳಿದ್ರೆ ಕಿವಿಗೆ ಬೀಳಲ್ಲ, ಇಂಗ್ಲಿಷಾದ್ರೆ ಓದ್ತಾರೇನೋ ಅಂದ್ಕೊಂಡೆ."

ಸತ್ತು ಬದುಕಿದವನ ಹುರುಪಿನಲ್ಲಿ ಅಂಗಡಿಗೆ ಓಡಿದೆ. ಸಕ್ಕರೆ, ಕಾಫಿಪುಡಿ, ಸೆಲ್ಲು ಎಲ್ಲ ತಂದು ತುಂಬಿದೆ. ಗಡಿಯಾರ ಟಿಕ್ ಟಿಕ್ ಎಂದಿತು. ನನ್ನ ಓದುವ ಕುರ್ಚಿಯಲ್ಲಿ ಕೂರಲು ಹೋದರೆ, ಅದರ ಬೆನ್ನಿಗೂ ಒಂದು ಹಳದಿ ಚೀಟಿ! 'ನೋ'. ಅಂಚೆಲ್ಲ ಸುರುಟಿಕೊಂಡಿತ್ತು. ಎಷ್ಟು ದಿನದಿಂದ ಅದಕ್ಕೆ ಒರಗಿಕೊಂಡು ಕೂತಿದ್ದೆನೋ!

"ಕುರ್ಚಿಯಲ್ಲಿ ಏನೇ ಖಾಲಿಯಾಗಿರೋದು?"

"ಅದು ಕುರ್ಚಿಗಲ್ಲ. ಅದರಲ್ಲಿ ಕೂರೋರಿಗೆ."

"ನೋ... ಏನು?"

ಅವಳು ನನ್ನ ಕೆಂಪು ಪೆನ್ನು ತಂದು ಕೈಗಿತ್ತಳು. "ಬಿಟ್ಟ ಸ್ಥಳ ತುಂಬಿ ಅಂತ ಮಕ್ಕಳಿಗೆ ದಿನಾ ಹೇಳ್ತೀರಲ್ಲ. ತುಂಬಿ."

ಪೆನ್ನು ಹಿಡಿದು ಇನ್ನೂ ಕೂತಿದ್ದೇನೆ. ಆ ಜಾಗಕ್ಕೆ ಹೊಂದುವ ಪದಗಳೇನೋ ಹೊಳೆಯುತ್ತಿವೆ. ಒಂದೊಂದಾಗಿ ಎಣಿಸಿಯೂ ನೋಡಿದೆ. ಮೆನಿ!