ನೆನಪಿನ ತಪಾಸಣೆಯಲ್ಲಿ ಕಾಪಿ ಹೊಡೆಯುವುದನ್ನು ನಿಷೇಧಿಸುವ ಕುರಿತು

ಸಂಖ್ಯೆ: ನೆನಪು/ತಪಾಸಣೆ/ಸಾಗರ-ಹೊಸನಗರ-ತೀರ್ಥಹಳ್ಳಿ
ಉಲ್ಲೇಖ: ಇದೇ ವಿಷಯದ ಹಿಂದಿನ ಸುತ್ತೋಲೆ (ಸಿಕ್ಕಿರುವುದಿಲ್ಲ)

ಪ್ರಸ್ತಾವನೆ:

ಎಚ್‌ಐವಿ ಇದ್ದೂ ಮಾತ್ರೆಯ ಬಲದಿಂದ ಗಟ್ಟಿಮುಟ್ಟಾಗಿ ವಯಸ್ಸಾಗುತ್ತಿರುವವರಿಗೆ ಸಾಗರದ ಚಿಕಿತ್ಸಾ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ನೆನಪಿನ ತಪಾಸಣೆಯನ್ನು ಆರಂಭಿಸಲಾಗಿದೆ. ಬಿಪಿ, ಸಕ್ಕರೆ ನೋಡಿದಂತೆಯೇ ಇದೂ ಎಂದು ಆಪ್ತಸಮಾಲೋಚಕಿ ಪ್ರತಿಮಾ ಅವರು ವಿವರಿಸಿದ್ದಾಗ್ಯೂ, ಸಾರ್ವಜನಿಕರು ಇದನ್ನು ಎಸ್ಸೆಸ್ಸೆಲ್ಸಿ ಎಂದು ಭಾವಿಸಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ.

ತೀರ್ಥಹಳ್ಳಿಯ ನಿವೃತ್ತ ಬಸ್ ಕಂಡಕ್ಟರ್ ಹೂವಯ್ಯನವರು (ಹೆಸರು ಬದಲಿಸಲಾಗಿದೆ, ಬದಲಿಸಿದ ಹೆಸರು ಮುದುಕರದ್ದೆಂದು ಅವರು ಆಕ್ಷೇಪಿಸಿರುತ್ತಾರೆ) ಊರವರ ಕಣ್ಣಿಗೆ ಬೀಳಬಾರದೆಂದು ಸಾಗರಕ್ಕೆ ಬರುವವರು. ಜೊತೆಯಲ್ಲಿರುವ ತಂಗಿ ಸರೋಜ ಅವರಿಗೆ ‘ಹಲ್ಲು ತೋರ್ಸಕ್ಕೆ’ ಎಂದು ವರ್ಷಗಟ್ಟಲೆ ಹೇಳಿಬಂದವರು. ಈಚೆಗೆ ಹೊಸನಗರದಲ್ಲಿ ತಪ್ಪು ಬಸ್ಸು ಹತ್ತಿ ಮಾಸ್ತಿಕಟ್ಟೆಯಲ್ಲಿ ಇಳಿದಿದ್ದರು. ಕಂಡಕ್ಟರ್ ಆಗಿದ್ದವರಿಗೆ ಇದು ಸಣ್ಣ ಅವಮಾನವಲ್ಲ. ಅಂದಿನಿಂದ ಅವರಿಗೆ ಮರೆವು ಬಂತೇನೋ ಎಂದು ಒಳಗೊಳಗೇ ಪುಕುಪುಕು.

ಆಗ ಹೊಸನಗರದ ಕೆರಿಯಪ್ಪ ಎಂಬ ಹಳೆಯ ಅಭ್ಯರ್ಥಿ, “ಫೇಲಾದ್ರೆ ಮಾತ್ರೆ ನಿಲ್ಲಿಸ್ತಾರೆ ಮಾರಾಯ್ರೆ. ಐದು ಪದ ಕೇಳ್ತಾರೆ: ಕೊಡೆ, ಹಲಸು, ಸೇತುವೆ, ಪೊಲೀಸ್, ಕೆಂಪು. ಬಾಯಿಪಾಠ ಮಾಡ್ಕಳಿ,” ಎಂದು ಪ್ರಶ್ನೆಪತ್ರಿಕೆ ಬಯಲು ಮಾಡಿದರು. ಹೂವಯ್ಯನವರು ಬಸ್ಸಿನುದ್ದಕ್ಕೂ ಇದನ್ನೇ ಜಪಿಸಿದ್ದರಿಂದ ಪಕ್ಕದವರು ಹೆದರಿ ಬೇರೆ ಸೀಟಿಗೆ ಹೋಗಿರುತ್ತಾರೆ.

ತಪಾಸಣೆಯಲ್ಲಿ ಪ್ರತಿಮಾ ಅವರು ಬೆಕ್ಕು, ಬುಟ್ಟಿ ಮೊದಲಾದ ಐದು ಪದಗಳನ್ನು ಓದಿ, ಸ್ವಲ್ಪ ಹೊತ್ತಿನ ಬಳಿಕ ಅವನ್ನೇ ಕೇಳಿದರು. ಹೂವಯ್ಯನವರು ಎದ್ದು ನಿಂತು, “ಕೊಡೆ! ಹಲಸು! ಸೇತುವೆ! ಪೊಲೀಸ್! ಕೆಂಪು!” ಎಂದು ಘೋಷಿಸಿದರು.

“ಅದು ಹೋದ ತಿಂಗಳಿಂದು, ಹೂವಯ್ಯನವ್ರೆ.”

ಕಿಟಕಿಯಾಚೆಯಿಂದ “ಬೆಕ್ಕು, ಬೆಕ್ಕು” ಎಂಬ ಪಿಸುಮಾತು ಕೇಳಿಬಂದಿರುತ್ತದೆ. ಅದು ಬೆಕ್ಕಿನದಲ್ಲ, ಕೆರಿಯಪ್ಪನವರದೆಂದು ತನಿಖೆಯಿಂದ ದೃಢಪಟ್ಟಿದೆ.

ಹೂವಯ್ಯನವರು ಮರಳಿ ಕುರ್ಚಿಯಲ್ಲಿ ಕೂತರು. “ಮಾತ್ರೆ ನಿಲ್ಸಿದ್ರೆ ಒಂದ್ಕಷ್ಟ. ಅದ್ಕಿಂತ, ಮರೆವು ಬಂದ್ರೆ ಯಾರತ್ರ ಎಂತ ಸುಳ್ಳು ಹೇಳಿದೀನಿ ಅಂತ್ಲೇ ಮರ್ತೋಗ್ತದಲ್ಲ ಮೇಡಂ?”

“ಮಾತ್ರೆ ಯಾರೂ ನಿಲ್ಸಲ್ಲ. ಮರೆವಿದ್ರೆ ಮಾತ್ರೆ ನೆನಪು ಮಾಡಕ್ಕೆ ಮನೇಲಿ ಒಬ್ರು ಬೇಕು, ಅಷ್ಟೆ,” ಎಂದರು ಪ್ರತಿಮಾ.

ನಂತರದ ರಕ್ತಪರೀಕ್ಷೆಯಲ್ಲಿ, ಕೊರತೆಯಾದರೆ ಮರೆವು ತರಬಲ್ಲ ಬಿ-12 ಜೀವಸತ್ವ ಕಡಿಮೆ ಎಂದು ತಿಳಿದು ಚುಚ್ಚುಮದ್ದು ಕೊಡಲಾಗಿದೆ. ಕೆಲವು ತಿಂಗಳ ಬಳಿಕ ಮತ್ತೆ ನೋಡತಕ್ಕದ್ದು. ಹೂವಯ್ಯನವರು ಮನೆಗೆ ಹೋಗಿ ತಂಗಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಆಕೆ “ಹಂಗಾರೆ ಹಲ್ಲು?” ಎಂದು ಮಾತ್ರ ಕೇಳಿದರು.

“ಹಲ್ಲು ಗಟ್ಟಿ ಅದೆ.”

ಸದರಿ ಹಿನ್ನೆಲೆಯಲ್ಲಿ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಐದು ಪದಗಳನ್ನು ಅಂಗೈ, ತೊಡೆ, ಬಸ್ ಟಿಕೆಟ್ಟಿನ ಬೆನ್ನು ಇತ್ಯಾದಿಗಳ ಮೇಲೆ ಬರೆದು ತರತಕ್ಕದ್ದಲ್ಲ.

2. ಕಿಟಕಿಯಲ್ಲಿ ನಿಂತು ಉತ್ತರ ಹೇಳತಕ್ಕದ್ದಲ್ಲ. ಹೋದ ತಿಂಗಳ ಉತ್ತರವನ್ನಂತೂ ಎಲ್ಲಿ ನಿಂತೂ ಹೇಳಲೇಬಾರದು.

3. ತಪಾಸಣೆಯ ಇನ್ನೊಂದು ಭಾಗವಾಗಿ ಕಾಗದದ ಮೇಲೆ ಗಡಿಯಾರದ ಚಿತ್ರ ಬಿಡಿಸಲು ಹೇಳಿದಾಗ ಗೋಡೆ ಗಡಿಯಾರ ನೋಡುವಂತಿಲ್ಲ. ಅದು ನಿಂತು ಹೋಗಿರುವುದರಿಂದ ನೋಡಿದವರಿಗೇ ನಷ್ಟ.

4. ರ‍್ಯಾಂಕ್ ಇರುವುದಿಲ್ಲ. ಕೆರಿಯಪ್ಪನವರು ತಮಗೆ ತಾಲ್ಲೂಕಿಗೇ ಪ್ರಥಮ ಸ್ಥಾನವೆಂದು ಹೇಳಿಕೊಳ್ಳುವುದನ್ನು ಕೂಡಲೇ ನಿಲ್ಲಿಸತಕ್ಕದ್ದು.

5. ಮರುಮೌಲ್ಯಮಾಪನ, ಗ್ರೇಸ್ ಮಾರ್ಕ್ಸ್ ಕೋರಿ ಬಂದವರಿಗೆ ಚಹಾ ಕೊಟ್ಟು ಕಳುಹಿಸುವುದು.

6. ಯಾರೂ ಫೇಲಾಗುವುದಿಲ್ಲ. ಈ ಕಲಮನ್ನು ದಿನವೂ ಗಟ್ಟಿಯಾಗಿ ಓದಿ ಹೇಳತಕ್ಕದ್ದು.

ಸಹಿ/-
(ಯೋಗರಾಜ್)
ಅಧಿಕಾರಿ, ಇಲಾಖೆ

ಪ್ರತಿಗಳು:
ಪ್ರತಿಮಾ ಅವರಿಗೆ, ಹೊಸ ಐದು ಪದಗಳನ್ನು ಹುಡುಕುವ ಕೋರಿಕೆಯೊಂದಿಗೆ.
ಕೆರಿಯಪ್ಪನವರಿಗೆ, ಹೊಸ ಪದಗಳನ್ನು ಹೊರತುಪಡಿಸಿ.
ಸರೋಜ ಅವರಿಗೆ, ಮೌಖಿಕವಾಗಿ. ಮುಂದಿನ ತಪಾಸಣೆಗೆ ಅಣ್ಣನ ಜೊತೆ ತಾವೇ ಬರುವುದಾಗಿಯೂ, ಬಸ್ಸಿನಲ್ಲಿ ಕಿಟಕಿ ಸೀಟು ತಮ್ಮದೆಂದೂ ತಿಳಿಸಿರುತ್ತಾರೆ.