ಸೈಕೋಫ್ಯಾಂಟ್‌ನಿಂದ ಟೋಡಿಗೆ ನನ್ನ ಬಡ್ತಿ

ನನಗೆ ಗೊತ್ತಿಲ್ಲದ ಇಂಗ್ಲಿಷ್ ಪದವೇ ಇಲ್ಲವೆಂದು ಸಿಂಧನೂರಿನಲ್ಲಿ ಇಬ್ಬರು ಬಲವಾಗಿ ನಂಬಿದ್ದರು. ಒಬ್ಬ ನಾನು. ಇನ್ನೊಬ್ಬರು ನಾನು ಪಾಠ ಹೇಳುವ ಟ್ಯುಟೋರಿಯಲ್ಲಿನ ಮಾಲೀಕರು. ಅಕ್ಕಿ ಗಿರಣಿ ನಡೆಸಿ ಬೇಸರವಾದ ಮೇಲೆ ವಿದ್ಯಾದಾನಕ್ಕೆ ಇಳಿದಿದ್ದ ಸಾಹುಕಾರರು. ಲಿಂಗಸುಗೂರಿನಲ್ಲಿ ಅವರು ತೆರೆಯಲಿದ್ದ ಹೊಸ ಶಾಖೆಯ ಹೆಡ್ ಕುರ್ಚಿಯ ಮೇಲೆ ನನ್ನ ಕಣ್ಣಿತ್ತು. ಹಾಗಾಗಿ ದಿನಾ ಮಸ್ಕಿಯಿಂದ ಮೊದಲ ಬಸ್ಸಿಗೆ ಬಂದು ಅವರ ಕಾರಿನ ಬಾಗಿಲು ತೆಗೆಯುತ್ತಿದ್ದೆ. ಇದಕ್ಕೆ ಸಂಸ್ಕಾರ ಎನ್ನುತ್ತಾರೆಂದು ತಿಳಿದಿದ್ದೆ.

ಒಂದು ಮಧ್ಯಾಹ್ನ ಸಾಹುಕಾರರು ಮೊಬೈಲು ಮುಂದೆ ಹಿಡಿದರು.

“ನಮ್ಮ ಅಳಿಯ ಬರದಾನ ನೋಡ್ರಿ ಮಾಸ್ತರ, ನಿಮ್ಮ ಸುತ್ತ ಬರೇ ಸೈಕೋಫ್ಯಾಂಟ್ ಅದಾರ ಅಂತ. ಹಂಗಂದ್ರ ಏನ್ರಿ?”

ಸ್ವಂತ ಲಾಭಕ್ಕಾಗಿ ಸುಳ್ಳು ಸುಳ್ಳೇ ಹೊಗಳುವವನು ಎಂದು ಹೇಳಬೇಕಿತ್ತು. ಆದರೆ ಆ ಹೊತ್ತಿನಲ್ಲಿ ಅವರ ತಲೆಯ ಮೇಲೆ ಕೊಡೆ ಹಿಡಿದು ನಿಂತವನು ನಾನೇ! ಜೀವಕ್ಕೆ ಜೀವ ಕೊಡುವ ಹಿತೈಷಿ ಎಂದುಬಿಟ್ಟೆ. ಸಾಹುಕಾರರಿಗೆ ಅಳಿಯನ ಮೇಲೆ ಪ್ರೀತಿ ಉಕ್ಕಿತು.

ಮರುದಿನ ಅಳಿಯ ಮಹಾಶಯ ಇನ್ನೊಂದು ಪದ ಕಳಿಸಿದ್ದ: ಟೋಡಿ. ಸೈಕೋಫ್ಯಾಂಟ್ ಹೊಗಳಿ ಸುಮ್ಮನಾಗುತ್ತಾನೆ, ಟೋಡಿ ಚಪ್ಪಲಿಯನ್ನೂ ಎತ್ತಿಕೊಡುತ್ತಾನೆ; ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ. ಎರಡರಲ್ಲಿ ಯಾವುದು ಮೇಲು ಎಂದು ಸಾಹುಕಾರರು ಕೇಳಿದರು. ಟೋಡಿಯೇ ಒಂದು ಮೆಟ್ಟಿಲು ಮೇಲು ಎಂದೆ. ವಿಚಾರ ಮಾಡಿದರೆ ಅದು ಸುಳ್ಳೂ ಅಲ್ಲ.

ಲಿಂಗಸುಗೂರಿನ ಉದ್ಘಾಟನೆಯಲ್ಲಿ ಸಾಹುಕಾರರು ನನ್ನನ್ನು ವೇದಿಕೆಗೆ ಕರೆದು, ಹೆಗಲ ಮೇಲೆ ಕೈಯಿಟ್ಟು ಮೈಕಿನಲ್ಲಿ ಹೇಳಿದರು:

“ಇವರು ಇಷ್ಟು ದಿನ ನನ್ನ ಸೈಕೋಫ್ಯಾಂಟ್ ಆಗಿದ್ರು. ಇವತ್ತಿಂದ ಇಲ್ಲಿ ಹೆಡ್ ಆಗ್ಯಾರ. ಅದಕ್ಕ ಟೋಡಿ ಅಂತ ಪ್ರಮೋಷನ್ ಕೊಡಾಕತ್ತೀನಿ.”

ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಅರ್ಥ ಹುಡುಕಿ ನೋಡಿ, ಇನ್ನೂ ಜೋರಾಗಿ ತಟ್ಟಿದರು. ಮುಖ್ಯ ಅತಿಥಿಗಳಾಗಿದ್ದ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕರು ಕುರ್ಚಿಯಲ್ಲೇ ಬೆಚ್ಚಿಬಿದ್ದರು. ಸಾಹುಕಾರರು ಅವರತ್ತ ತಿರುಗಿ, ಪದ ಸರಿಯಿದೆಯೇ ಎಂದು ಕೇಳಿಯೇ ಬಿಟ್ಟರು. ಪ್ರಾಧ್ಯಾಪಕರು ಆಗಷ್ಟೇ ಹೊದಿಸಿದ್ದ ಜರಿ ಶಾಲನ್ನೊಮ್ಮೆ ಸವರಿದರು.

“ನಿಮ್ಮ ಇಂಗ್ಲಿಷಿಗೆ ತಪ್ಪು ಹಿಡಿಯೋರು ಯಾರದಾರ್ರಿ ಸಾಹುಕಾರ್ರ?”

ಬದುಕಿದೆ! ಆದರೆ ಆ ವಿಡಿಯೋ ನನಗಿಂತ ಮೊದಲೇ ಮಸ್ಕಿ ತಲುಪಿತ್ತು. ಹೆಂಡತಿ ಮಹಾದೇವಿ ಬಾಗಿಲಲ್ಲೇ ನಿಂತು, ಟೋಡಿ ಅಂದರೆ ಪ್ರಿನ್ಸಿಪಾಲರಿಗಿಂತ ದೊಡ್ಡವರೇ ಎಂದು ವಿಚಾರಿಸಿದಳು. ಅವಳ ಮುಂದೆ ಸುಳ್ಳು ನಡೆಯುವುದಿಲ್ಲ. ಎರಡೂ ಪದಗಳ ಖರೆ ಅರ್ಥವನ್ನು, ವ್ಯತ್ಯಾಸ ಸಮೇತ, ತಲೆ ತಗ್ಗಿಸಿ ಹೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಮತ್ತ ಸಾಹುಕಾರ್ರು ಸರಿಯಾಗೇ ಹೇಳ್ಯಾರಲ್ರಿ. ಇದರಾಗ ತಪ್ಪೇನೈತಿ?”

ಇಷ್ಟು ಬೇಗ ಪಾಠ ಅರ್ಥವಾದ ವಿದ್ಯಾರ್ಥಿನಿ ನನ್ನ ಸರ್ವಿಸ್ಸಿನಲ್ಲೇ ಇನ್ನೊಬ್ಬಳಿಲ್ಲ. ಉದಾಹರಣೆ ಎದುರಿಗೇ ನಿಂತಿತ್ತು, ನೋಡಿ.